‘ಯಾವ ಉಪವಾಸರೀ?’ ಎಂದು ಮೊದಲು ಕೇಳುವ ಅಂಗಡಿ

ಬೆಳಗಾವಿಯಲ್ಲಿ ಉಪವಾಸದ ತಿಂಡಿಗೆ ಬರವಿಲ್ಲ. ಆಷಾಢ ಏಕಾದಶಿ ಬಂತೆಂದರೆ ಚಹಾದ ಗಾಡಿಯವರೂ ಸಾಬೂದಾಣಿ ವಡೆ ಕರಿಯುತ್ತಾರೆ. ಆದರೆ ಅವರವರ ಮನೆಯ ಪದ್ಧತಿ ಕೇಳಿ, ಅದಕ್ಕೆ ತಕ್ಕಂತೆ ಮಾಡಿಕೊಡುವ ಅಂಗಡಿ ನಾನು ನೋಡಿದ್ದು ಒಂದೇ. ಶಹಾಪುರದ ಒಳಗಲ್ಲಿಯೊಂದರಲ್ಲಿದೆ. ಹೆಸರಿನ ಬೋರ್ಡಿಲ್ಲ. ಮನೆಯ ಪಡಸಾಲೆಯೇ ಅಂಗಡಿ. ಓಣಿಯವರೆಲ್ಲ ‘ಕಾಕು (ಚಿಕ್ಕಮ್ಮ) ಅಂಗಡಿ’ ಅಂತಾರೆ. ಅರವತ್ತು ದಾಟಿದ ಕಾಕು, ಅವರ ಸೊಸೆ, ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳು, ಅಷ್ಟೇ ಜನ.

ನಮ್ಮ ಅತ್ತೆಯವರು ಪಂಢರಪುರದ ವಿಠ್ಠಲನ ಭಕ್ತರು, ತುಳಸಿ ಮಾಲೆ ಹಾಕಿಸಿಕೊಂಡವರು. ವರ್ಷದ 24 ಏಕಾದಶಿಯಲ್ಲಿ ಒಂದನ್ನೂ ಬಿಡುವುದಿಲ್ಲ. ನನ್ನದು ಸಂಕಷ್ಟಿ, ಅಂದರೆ ಚಂದ್ರ ಹುಟ್ಟಿದ ಮೇಲೆ ಬಿಡುವ ಗಣಪತಿಯ ಉಪವಾಸ, ಮತ್ತು ಶ್ರಾವಣ ಸೋಮವಾರ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು, ಬೆಳಗ್ಗೆ ಎಂಟೂವರೆಗೆ ಮನೆ ಬಿಡಬೇಕು. ಮಕ್ಕಳ ಡಬ್ಬಿ, ಮನೆಯವರ ಡಬ್ಬಿ, ಅದರ ಜೊತೆ ಅತ್ತೆಯವರಿಗೆ ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ. ಎಲ್ಲ ಏಕಾದಶಿಗೂ ಇದು ಆಗುವ ಮಾತಲ್ಲ. ಹಾಗಾಗಿ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಕಾಕು ಅಂಗಡಿಯ ಖಾಯಂ ಗಿರಾಕಿ.

ಅಲ್ಲಿ ಹೋಗಿ ನಿಂತು ‘ಎರಡು ಖಿಚಡಿ ಕೊಡ್ರಿ’ ಎಂದರೆ ಕಾಕು ತಕ್ಷಣ ಕೊಡುವುದಿಲ್ಲ. ‘ಯಾವ ಉಪವಾಸರೀ ಅಕ್ಕಾರ? ಏಕಾದಶಿನೋ, ಬರೇ ವಾರದ್ದೋ? ಕೊತ್ತಂಬರಿ ನಡೀತದೇನು?’ ಎಂದು ಕೇಳುತ್ತಾರೆ. ಹೊಸಬರಿಗೆ ಇದು ಕಿರಿಕಿರಿ ಅನ್ನಿಸಬಹುದು. ಆದರೆ ಉಪವಾಸ ಹಿಡಿದವರಿಗೆ ಈ ಪ್ರಶ್ನೆ ಎಷ್ಟು ನೆಮ್ಮದಿ ಕೊಡುತ್ತದೆ ಗೊತ್ತಾ? ನಮ್ಮ ಕಡೆ ಒಂದೇ ಗಲ್ಲಿಯಲ್ಲಿ ನಾಲ್ಕು ಪದ್ಧತಿ ಇರುತ್ತವೆ. ಒಬ್ಬರಿಗೆ ಕೊತ್ತಂಬರಿ ನಡೆಯುತ್ತದೆ, ಇನ್ನೊಬ್ಬರಿಗೆ ಇಲ್ಲ. ಅರಿಷಿಣ, ಸಾಸಿವೆ, ಇಂಗು ಬಹಳ ಮನೆಗಳಲ್ಲಿ ನಿಷಿದ್ಧ. ಕೆಲವರಿಗೆ ಸೈಂಧವ ಲವಣವೇ ಬೇಕು, ಕೆಲವರಿಗೆ ದಿನದ ಉಪ್ಪೇ ಸಾಕು. ಸೋಮವಾರದ ಒಪ್ಪತ್ತಿಗೆ ಅವಲಕ್ಕಿ ತಿನ್ನುವವರಿದ್ದಾರೆ, ಏಕಾದಶಿಗೆ ಅದೇ ಅವಲಕ್ಕಿಯನ್ನು ಮುಟ್ಟುವುದಿಲ್ಲ, ಯಾಕೆಂದರೆ ಅದು ಅಕ್ಕಿಯ ಮಾಲು. ಇದೆಲ್ಲ ಕಾಕುಗೆ ಬಾಯಿಪಾಠ. ಎರಡು ಬುಟ್ಟಿಯಲ್ಲಿ ಖಿಚಡಿ ಮಾಡಿಟ್ಟಿರುತ್ತಾರೆ, ಒಂದು ಸೈಂಧವದ್ದು, ಒಂದು ಸಾದಾ ಉಪ್ಪಿನದು. ಕೊತ್ತಂಬರಿ ಮೇಲಿಂದ, ಕೇಳಿದವರಿಗೆ ಮಾತ್ರ.

ಖಿಚಡಿ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಅಂಗಡಿಯ ಜೀವ ಇರುವುದೇ ಅದರಲ್ಲಿ. ಸಾಬೂದಾಣಿ ಎಂದರೆ ಮರಗೆಣಸಿನ ಪಿಷ್ಟ. ನೀರು ಜಾಸ್ತಿಯಾದರೆ ಅಂಟಂಟಾಗಿ ಮುದ್ದೆ, ಕಡಿಮೆಯಾದರೆ ನಡುವೆ ಹಲ್ಲಿಗೆ ಸಿಗುವ ಕಾಳು. ಹೊರಗೆ ತಿಂದ ಖಿಚಡಿ ಮುಕ್ಕಾಲು ಪಾಲು ಹೀಗೆಯೇ ಇರುತ್ತದೆ. ಕಾಕು ರಾತ್ರಿಯೇ ತೊಳೆದು, ಹಿಟ್ಟಿನ ಬಿಳಿ ನೀರು ಹೋಗುವ ತನಕ ಗಾಲಿಸಿ, ಕಾಳು ಮುಳುಗುವಷ್ಟೇ ನೀರು ಬಿಟ್ಟು ಮುಚ್ಚಿಡುತ್ತಾರೆ. ಬೆಳಗ್ಗೆ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡುತ್ತಾರೆ. ಪೂರ್ತಿ ಹಿಚುಕಿದರೆ ಸರಿ, ನಡುವೆ ಗಟ್ಟಿ ಸಿಕ್ಕರೆ ಮತ್ತೆ ಸ್ವಲ್ಪ ನೀರು ಚಿಮುಕಿಸಿ ಬಿಡುತ್ತಾರೆ. ಶೇಂಗಾ ಹುರಿದು, ಸಿಪ್ಪೆ ಕೇರಿ, ತರಿತರಿಯಾಗಿ ಕುಟ್ಟಿದ ಪುಡಿಯನ್ನು ಒಲೆಗೆ ಹಾಕುವ ಮೊದಲೇ ಸಾಬೂದಾಣಿಗೆ ಕಲಸುತ್ತಾರೆ. ಪುಡಿ ಪ್ರತಿ ಕಾಳಿಗೂ ಮೆತ್ತಿಕೊಳ್ಳುತ್ತದೆ, ಅದಕ್ಕೇ ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ತುಪ್ಪ, ಜೀರಿಗೆ, ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿ, ಬೇಯಿಸಿದ ಬಟಾಟಿ. ತಟ್ಟೆ ಮುಚ್ಚಿ ಎರಡು ನಿಮಿಷದ ಹಬೆ. ಕಾಳು ಬಿಳಿ ಬಣ್ಣ ಬಿಟ್ಟು ಗಾಜಿನಂತೆ ಹೊಳೆದರೆ ಇಳಿಸಿಬಿಡುತ್ತಾರೆ. ಒಂದು ಚೂರು ಸಕ್ಕರೆ, ನಿಂಬೆಹಣ್ಣು. ಮಧ್ಯಾಹ್ನ ಹನ್ನೆರಡಕ್ಕೆ ಡಬ್ಬಿ ತೆಗೆದರೂ ಬಿಡಿಬಿಡಿಯಾಗಿಯೇ ಇರುತ್ತದೆ. ಪ್ಲೇಟಿಗೆ 50 ರೂಪಾಯಿ. ಇಬ್ಬರು ಹೆಂಗಸರು ಹಂಚಿ ತಿನ್ನುವಷ್ಟು ಬರುತ್ತದೆ.

ವಡೆಗೆ ಬೇರೆಯೇ ಕಡಾಯಿ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಊರಿನ ಒಂದು ಹೋಟೆಲಿನಲ್ಲಿ ‘ಉಪವಾಸದ ವಡೆ’ ಎಂದು ಕೊಟ್ಟಿದ್ದನ್ನು ಅದೇ ಎಣ್ಣೆಯಲ್ಲಿ ಮಿರ್ಚಿ ಭಜಿ ಜೊತೆ ಕರಿಯುತ್ತಿದ್ದರು. ಕಡಲೆಹಿಟ್ಟಿನ ಚೂರು ವಡೆಗೆ ಅಂಟಿಕೊಂಡು ಬಂದಿತ್ತು. ಅತ್ತೆಯವರು ಆವತ್ತು ಇಡೀ ದಿನ ಬರೀ ನೀರು ಕುಡಿದು ಇದ್ದರು. ಉಪವಾಸ ಮಾಡುವವರನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರು ಒಂದು ಮಾತು ಕೊಟ್ಟಿರುತ್ತಾರೆ, ದೇವರಿಗೆ. ಕಾಕು ಅಂಗಡಿಯಲ್ಲಿ ಆ ಮಾತಿಗೆ ಬೆಲೆ ಇದೆ.

ಇನ್ನು ಅಂಗಡಿಯ ಗೋಡೆಗೆ ಒಂದು ಕರಿಹಲಗೆ ಇದೆ. ತಿಂಡಿಗಿಂತ ಅದನ್ನು ನೋಡಲು ಬರುವವರೇ ಜಾಸ್ತಿ ಇರಬೇಕು. ಇವತ್ತಿನ ತಿಥಿ, ಬರುವ ಹದಿನೈದು ದಿನದ ಹಬ್ಬ, ಉಪವಾಸ, ಪಾರಣೆಯ (ಉಪವಾಸ ಬಿಡುವ) ಹೊತ್ತು ಎಲ್ಲವನ್ನೂ ಸೊಸೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ, ಕನ್ನಡದಲ್ಲೂ ಮರಾಠಿಯಲ್ಲೂ. ನಮ್ಮೂರಿಗೆ ಇದು ಬೇಕೇ ಬೇಕು. ಇಲ್ಲಿ ಒಂದು ಮನೆಯಲ್ಲಿ ಮುಂಬೈ ಕಡೆಯ ಕ್ಯಾಲೆಂಡರ್, ಪಕ್ಕದ ಮನೆಯಲ್ಲಿ ಬೆಂಗಳೂರಿನದು, ಮೂರನೇ ಮನೆಯಲ್ಲಿ ಮಠದ ಪಂಚಾಂಗ. ಜೊತೆಗೆ ಈಗ ಎಲ್ಲರ ಕೈಯಲ್ಲಿ ಮೊಬೈಲು.

2025ರ ಶ್ರಾವಣದಲ್ಲಿ ನಮ್ಮ ಶಾಲೆಯ ಹೊಸ ಶಿಕ್ಷಕಿಯೊಬ್ಬಳು ಜುಲೈ 14ಕ್ಕೇ ‘ಮೊದಲನೇ ಶ್ರಾವಣ ಸೋಮವಾರ’ ಎಂದು ಉಪವಾಸ ಹಿಡಿದಿದ್ದಳು. ಮೊಬೈಲು ಹಾಗೆ ತೋರಿಸಿತ್ತು. ಅದು ಉತ್ತರ ಭಾರತದ ಲೆಕ್ಕ. ಅಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಅದಕ್ಕೇ ಅವರ ಶ್ರಾವಣ ನಮಗಿಂತ ಹದಿನೈದು ದಿನ ಮೊದಲು ಬರುತ್ತದೆ. ನಮ್ಮ ಶ್ರಾವಣ ಶುರುವಾಗಿದ್ದು ಜುಲೈ 25ಕ್ಕೆ, ಮೊದಲ ಸೋಮವಾರ 28. ಕಾಕು ಹಲಗೆಯ ಮೇಲೆ ಇದನ್ನು ದೊಡ್ಡಕ್ಷರದಲ್ಲಿ ಬರೆಸಿದ್ದರು. ಅದರ ಫೋಟೋ ತೆಗೆದು ಆ ಹುಡುಗಿಗೆ ತೋರಿಸಿದೆ.

ಅದೇ ವರ್ಷದ ಕಾರ್ತಿಕ ಏಕಾದಶಿಯಂತೂ ನವೆಂಬರ್ 1ಕ್ಕೂ ಇತ್ತು, 2ಕ್ಕೂ ಇತ್ತು. ಸ್ಮಾರ್ತರಿಗೆ 1, ಭಾಗವತರಿಗೆ (ವೈಷ್ಣವರಿಗೆ) 2. ಸೂರ್ಯ ಹುಟ್ಟುವ ಮೊದಲಿನ ಅರುಣೋದಯದ ಹೊತ್ತಿಗೆ ದಶಮಿ ಇದ್ದರೆ ವೈಷ್ಣವರು ಆ ದಿನ ಬಿಟ್ಟು ಮರುದಿನ ಹಿಡಿಯುತ್ತಾರೆ. ಎರಡು ದಿನವೂ ಅಂಗಡಿ ಬೆಳಗ್ಗೆ ಆರಕ್ಕೇ ತೆರೆದಿತ್ತು. ಅತ್ತೆಯವರದು ಪಂಢರಪುರದ ಲೆಕ್ಕ, ಹಾಗಾಗಿ 2. ಎದುರು ಮನೆಯವರದು 1. ಇಬ್ಬರಿಗೂ ಬಿಸಿ ಖಿಚಡಿ ಸಿಕ್ಕಿತು. ‘ಯಾರದು ಖರೇ, ಯಾರದು ಸುಳ್ಳ ಅಂತ ನಾ ಹೇಳಂಗಿಲ್ಲರೀ. ಅವರವರ ಹಿರಿಯರು ಹೇಳಿಕೊಟ್ಟದ್ದು ಅವರಿಗೆ ಖರೇ’ ಎಂದರು ಕಾಕು. ನನಗೂ ಹಾಗೆಯೇ ಅನಿಸುತ್ತದೆ.

ಸಂಕಷ್ಟಿಯ ದಿನ ಚಂದ್ರೋದಯದ ಹೊತ್ತನ್ನು ಬೆಳಗಾವಿಗೆ ಲೆಕ್ಕ ಹಾಕಿ ಬರೆಯುತ್ತಾರೆ. ಸಣ್ಣ ವಿಷಯ ಅನ್ನಬೇಡಿ. ರೇಖಾಂಶ ಒಂದು ಡಿಗ್ರಿ ಬದಲಾದರೆ ಹೊತ್ತು ನಾಲ್ಕು ನಿಮಿಷ ಸರಿಯುತ್ತದೆ. ಬೆಂಗಳೂರು ನಮಗಿಂತ ಮೂರು ಡಿಗ್ರಿ ಪೂರ್ವಕ್ಕಿದೆ. ಟಿವಿಯಲ್ಲಿ ಬೆಂಗಳೂರಿನ ಹೊತ್ತು ನೋಡಿ ಊಟಕ್ಕೆ ಕೂತರೆ ನಮ್ಮಲ್ಲಿ ಚಂದ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ, ಹತ್ತು ಹನ್ನೆರಡು ನಿಮಿಷ ಕಾಯಬೇಕು. ದಿನವಿಡೀ ಉಪವಾಸ ಇದ್ದು ಕೊನೆಯ ಹತ್ತು ನಿಮಿಷಕ್ಕೆ ಯಾಕೆ ಅವಸರ, ಅಲ್ವಾ?

ಇದೇ ಸಂಕಷ್ಟಿಯ ವಿಷಯದಲ್ಲಿ ನನಗೊಂದು ತಕರಾರೂ ಇದೆ. ಅಂಗಡಿ ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತದೆ. ಚಂದ್ರೋದಯ ಸಾಮಾನ್ಯವಾಗಿ ಅದರ ನಂತರವೇ. ಉಪವಾಸ ಬಿಡುವ ಊಟ ಅಂತ ಅವರು ಒಂದು ಡಬ್ಬಿ ಕೊಡುತ್ತಾರೆ. ಚಪಾತಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪಲ್ಯ, ಸಾರು, ಅನ್ನ, ಎರಡು ಕಡುಬು. ಏಳೂವರೆಗೆ ತಂದಿಟ್ಟರೆ ತಿನ್ನುವ ಹೊತ್ತಿಗೆ ಕಡುಬು ಗಟ್ಟಿಯಾಗಿರುತ್ತದೆ. ಈ ವರ್ಷ (2026) ಜನವರಿ 6ಕ್ಕೆ ಅಂಗಾರಕಿ, ಅಂದರೆ ಮಂಗಳವಾರದ ಸಂಕಷ್ಟಿ ಬಂತು. ಆವತ್ತಾದರೂ ಒಂಬತ್ತೂವರೆ ತನಕ ತೆರೆದಿಡಿ ಎಂದು ನಾಲ್ಕೈದು ಜನ ಕೇಳಿಕೊಂಡೆವು. ಆಗಲಿಲ್ಲ. ಕೆಲಸದ ಹೆಣ್ಣುಮಕ್ಕಳು ವಡಗಾವಿಯಿಂದ ನಡೆದು ಬರುವವರು, ತಡವಾದರೆ ಅವರಿಗೆ ಕಷ್ಟ ಎಂದರು. ಕಾರಣ ಸರಿಯೇ. ಆದರೂ ಅಂಗಾರಕಿಗೆ ಒಂದು ದಾರಿ ಹುಡುಕಬೇಕು.

ನವರಾತ್ರಿಯಲ್ಲಿ ಇವರದು ನಿಜವಾದ ಪರೀಕ್ಷೆ. ನಮ್ಮಲ್ಲಿ ಘಟಸ್ಥಾಪನೆಯಿಂದ ಮಹಾನವಮಿ ತನಕ ಪೂರ್ತಿ ಉಪವಾಸ ಮಾಡುವವರು ಬಹಳ. ನಸುಕಿನಲ್ಲಿ ದುರ್ಗಾಮಾತಾ ದೌಡ್ ಎಂಬ ನವರಾತ್ರಿಯ ಓಟ ಮುಗಿಸಿ ಬಂದ ಹುಡುಗರು ಹಸಿದು ನಿಂತಿರುತ್ತಾರೆ. ದಿನಾ ಸಾಬೂದಾಣಿ ತಿಂದರೆ ಹೊಟ್ಟೆ ಭಾರ, ಅದೇನು ಬರೀ ಪಿಷ್ಟ ತಾನೆ. ಕಾಕು ಇದಕ್ಕೆ ದಿನಕ್ಕೊಂದು ಅಡುಗೆ ಹೊಂದಿಸಿದ್ದಾರೆ. ಒಂದು ದಿನ ವರಿ ಅಕ್ಕಿಯ ಅನ್ನ, ಅದರ ಮೇಲೆ ಶೇಂಗಾ ಆಮಟಿ (ಸಾರು). ಮರುದಿನ ರಾಜಗಿರಿ ಹಿಟ್ಟಿನ ಥಾಲಿಪೀಠ, ಜೊತೆಗೆ ಮೊಸರು. ಇನ್ನೊಂದು ದಿನ ಬೇಯಿಸಿದ ಗೆಣಸು, ಬೆಲ್ಲದ ಪಾಕ. ವರಿ ಅಕ್ಕಿ ಹೆಸರಿಗೆ ಅಕ್ಕಿ, ಅದು ಸಿರಿಧಾನ್ಯದ ಜಾತಿ. ಕೆಲವು ಮನೆಗಳಲ್ಲಿ ಅದೂ ಧಾನ್ಯವೇ ಎಂದು ಏಕಾದಶಿಗೆ ಬಳಸುವುದಿಲ್ಲ. ಅದನ್ನೂ ಕೇಳಿಯೇ ಬಡಿಸುತ್ತಾರೆ.

2025ರ ನವರಾತ್ರಿ ಹತ್ತು ದಿನದ್ದು. ಸೆಪ್ಟೆಂಬರ್ 22ಕ್ಕೆ ಘಟ್ಟ ಹಾಕಿದವರಿಗೆ ಮಹಾನವಮಿ ಬಂದದ್ದು ಅಕ್ಟೋಬರ್ 1ಕ್ಕೆ, ನಡುವೆ ಒಂದು ತಿಥಿ ಎರಡು ದಿನ ನಿಂತಿತ್ತು. ಒಂಬತ್ತು ದಿನದ ಡಬ್ಬಿಗೆ ಹಣ ಕಟ್ಟಿದವರಿಗೆ ಹತ್ತನೇ ದಿನದ ಡಬ್ಬಿಯೂ ಬಂತು. ಅದರ ದುಡ್ಡು ತಗೊಳ್ಳಲಿಲ್ಲ. ‘ನವರಾತ್ರಿ ಡಬ್ಬಿ ಅಂತ ಹೇಳಿ ರೊಕ್ಕ ತಗೊಂಡೀನಿ, ನವರಾತ್ರಿ ಮುಗಿಯೋತನಕ ಕೊಡಬೇಕಲ್ಲ’ ಎಂದು ಸೊಸೆ ಹೇಳಿದಳು. ಇಂಥ ವ್ಯವಹಾರ ಈಗ ಎಲ್ಲಿ ಸಿಗುತ್ತದೆ ಹೇಳಿ.

ಶೇಂಗಾ ಆಮಟಿ ಮಾತ್ರ ನನಗೆ ಅಷ್ಟು ಸೇರುವುದಿಲ್ಲ. ನೀರು ಜಾಸ್ತಿ, ಹುಳಿ ಕಡಿಮೆ. ಆಮಸೂಲು (ಒಣಗಿಸಿದ ಪುನರ್ಪುಳಿ ಸಿಪ್ಪೆ) ಇನ್ನೆರಡು ಹಾಕಿ ಚೆನ್ನಾಗಿ ಕುದಿಸಿದರೆ ಎಷ್ಟೋ ಸುಧಾರಿಸುತ್ತದೆ. ರಾಜಗಿರಿ ಉಂಡಿಯೂ ಅಷ್ಟೇ, ಸಿಹಿ ಜಾಸ್ತಿ. ಸಕ್ಕರೆ ಕಾಯಿಲೆ ಇರುವ ಹಿರಿಯರೇ ಅವರ ಮುಖ್ಯ ಗಿರಾಕಿಗಳು. ಬೆಲ್ಲ ಕಡಿಮೆ ಹಾಕಿದ್ದು ಒಂದು ತರಹ ಮಾಡಿಟ್ಟರೆ ಉಪಕಾರವಾಗುತ್ತದೆ. ಬಿಸಿ ಖಿಚಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವುದನ್ನೂ ಬಿಡಬೇಕು. ನಾನು ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯುತ್ತೇನೆ, ನೀವೂ ಒಯ್ಯಿರಿ. ಅವರು ಬೇಡ ಅನ್ನುವುದಿಲ್ಲ.

ಪಕ್ಕದ ಮನೆಯಲ್ಲಿ ಮಾಧ್ವ ಸಂಪ್ರದಾಯದ ಹಿರಿಯರೊಬ್ಬರಿದ್ದಾರೆ, ವಿಜಯಪುರದ ಕಡೆಯವರು. ಏಕಾದಶಿಗೆ ಏನೂ ತಿನ್ನುವುದಿಲ್ಲ, ಹೊರಗೆ ಬೇಯಿಸಿದ್ದನ್ನು ಯಾವತ್ತೂ ಮುಟ್ಟುವುದಿಲ್ಲ. ಅವರೂ ಈ ಅಂಗಡಿಯ ಗಿರಾಕಿ ಎಂದರೆ ನಂಬುತ್ತೀರಾ? ಚಾತುರ್ಮಾಸ್ಯದಲ್ಲಿ ಅವರಿಗೆ ನಾಲ್ಕು ತಿಂಗಳು ನಾಲ್ಕು ವ್ರತ. ಮೊದಲ ತಿಂಗಳು ಶಾಕವ್ರತ, ಕಾಯಿಪಲ್ಯ ಇಲ್ಲ. ಎರಡನೇ ತಿಂಗಳು ಮೊಸರಿಲ್ಲ, ಮೂರನೇದರಲ್ಲಿ ಹಾಲಿಲ್ಲ, ನಾಲ್ಕನೇದರಲ್ಲಿ ಬೇಳೆಕಾಳಿಲ್ಲ. ಶಾಕವ್ರತದಲ್ಲಿ ಮೆಣಸಿನಕಾಯಿ, ಹುಣಸೆ ನಡೆಯುವುದಿಲ್ಲ. ಖಾರಕ್ಕೆ ಕಾಳುಮೆಣಸು, ಹುಳಿಗೆ ಒಣಮಾವಿನ ಪುಡಿ. ಈ ಸಾಮಾನನ್ನೆಲ್ಲ ಕಾಕು ಆರಿಸಿ, ಬಿಸಿಲಿಗೆ ಒಣಗಿಸಿ, ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟಿರುತ್ತಾರೆ. ಪುಡಿ ಮಾಡಿಕೊಳ್ಳುವುದು ಅವರವರ ಮನೆಯಲ್ಲಿ. ಈ ವ್ಯಾಪಾರದಲ್ಲಿ ಲಾಭ ಏನೂ ಇರಲಿಕ್ಕಿಲ್ಲ. ಆದರೂ ಇಡುತ್ತಾರೆ.

ಶಿವರಾತ್ರಿಗೆ ಅಡುಗೆ ಕಡಿಮೆ, ಹಣ್ಣು ಜಾಸ್ತಿ. ಈ ಸಲ ಫೆಬ್ರವರಿ 15 ಭಾನುವಾರ ಬಂದದ್ದರಿಂದ ಕಪಿಲೇಶ್ವರ ಗುಡಿಯ ಕಡೆ ಕಾಲಿಡಲು ಜಾಗ ಇರಲಿಲ್ಲ. ಕಲ್ಲಂಗಡಿ, ಖರ್ಜೂರ, ಬೇಯಿಸಿದ ಗೆಣಸಿನ ಪೊಟ್ಟಣ ಕಟ್ಟಿಟ್ಟಿದ್ದರು. ಅಷ್ಟೇ ಸಾಕಿತ್ತು.

ಹಬ್ಬದ ಸಿಹಿಗಳಲ್ಲಿ ಪಂಚಮಿ ಉಂಡಿ ಚೆನ್ನ. ಶೇಂಗಾ ಉಂಡಿ, ಎಳ್ಳುಂಡಿ, ಅಂಟಿನುಂಡಿ, ತಂಬಿಟ್ಟು ಎಲ್ಲ ಇರುತ್ತದೆ. ದೀಪಾವಳಿ ಚಕ್ಕುಲಿ ಸಾಧಾರಣ, ಅದಕ್ಕೆ ಬೇರೆ ಕಡೆ ಹೋಗಿ. ಸಂಕ್ರಾಂತಿಯ ಕುಸುರೆಳ್ಳು ಮಾತ್ರ ಇಲ್ಲಿಂದಲೇ ತರಬೇಕು. ಸಣ್ಣ ಕೆಂಡದ ಮೇಲೆ ತಟ್ಟೆ ಇಟ್ಟು, ಎಳ್ಳಿಗೆ ಹನಿಹನಿ ಸಕ್ಕರೆ ಪಾಕ ಬಿಡುತ್ತ, ಕೈಯಾಡಿಸುತ್ತ ಕೂತರೆ ಮುಳ್ಳು ಏಳುತ್ತದೆ. ಗಂಟೆಗಟ್ಟಲೆ ಕೆಲಸ. ಕಾಕು ಈಗಲೂ ಬೆರಳಿಂದಲೇ ಮಾಡುತ್ತಾರೆ.

ಈ ವರ್ಷ ಸಂಕ್ರಾಂತಿಯಲ್ಲಿ ಒಂದು ಪೇಚಾಟ ಇತ್ತು. ಜನವರಿ 14ರ ಮಧ್ಯಾಹ್ನ ಸೂರ್ಯ ಮಕರಕ್ಕೆ ಬಂದ, ಆದರೆ ಆವತ್ತೇ ಷಟ್ತಿಲಾ ಏಕಾದಶಿ. ಹಬ್ಬದೂಟ ಮಾಡಬೇಕೋ ಉಪವಾಸ ಇರಬೇಕೋ? ಹಲಗೆಯಲ್ಲಿ ‘14ಕ್ಕೆ ಏಕಾದಶಿ, 15ಕ್ಕೆ ಊಟ’ ಎಂದು ಬರೆದಿತ್ತು. ಆ ಏಕಾದಶಿಗೆ ಎಳ್ಳೇ ಪ್ರಧಾನ. ಸ್ನಾನ, ಹೋಮ, ತರ್ಪಣ, ದಾನ, ಭೋಜನ ಹೀಗೆ ಆರು ಬಗೆಯಲ್ಲಿ ಎಳ್ಳು ಬಳಸುವ ದಿನ ಅದು. ಹಾಗಾಗಿ 14ಕ್ಕೆ ಎಳ್ಳುಂಡಿ, 15ಕ್ಕೆ ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ ಕೊಟ್ಟರು. ಅತ್ತೆಯವರ ವ್ರತವೂ ಉಳಿಯಿತು, ಮಕ್ಕಳ ಹಬ್ಬವೂ ಆಯಿತು.

ನನ್ನ ತವರು ಬಾಗಲಕೋಟೆ ಜಿಲ್ಲೆ, ಬಾದಾಮಿ ಹತ್ತಿರ. ನಮಗೆ ಬನದ ಹುಣ್ಣಿಮೆ ದೊಡ್ಡದು. ಬನಶಂಕರಿಗೆ 108 ಪಲ್ಯದ ನೈವೇದ್ಯ, ಆಮೇಲೆ ತೇರು. ಕಾರ ಹುಣ್ಣಿಮೆ, ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ ಇವೆಲ್ಲ ಹೊಲಮನೆಯ ಹಬ್ಬಗಳು. ಕಾಕು ಹಲಗೆಯಲ್ಲಿ ಏಕಾದಶಿ, ಸಂಕಷ್ಟಿ ತಪ್ಪದೆ ಬರುತ್ತವೆ, ನಮ್ಮ ಈ ಹುಣ್ಣಿಮೆಗಳಿಗೆ ಮಾತ್ರ ಜಾಗ ಸಿಗುವುದಿಲ್ಲ. ಬೈಲಹೊಂಗಲ, ಸವದತ್ತಿ, ಗೋಕಾಕ ಕಡೆಯಿಂದ ಬಂದು ನೆಲೆಸಿದವರು ಬೆಳಗಾವಿಯಲ್ಲಿ ಎಷ್ಟು ಜನ! ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ದಾರಿಯ ಬುತ್ತಿ ಬೇಕು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ನೈವೇದ್ಯ) ಚೆಲ್ಲಲು ಊರಿಗೆ ಹೋಗುವವರಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕರಿಗಡುಬು ಬೇಕು. ಇದನ್ನು ನಾನು ಸೊಸೆಗೆ ಹೇಳಿದ್ದೇನೆ. ‘ಬರೆದು ಕೊಡ್ರಿ ಟೀಚರ್, ಹಲಗಿ ಮ್ಯಾಲ ಹಾಕ್ತೀನಿ’ ಎಂದಿದ್ದಾಳೆ. ಇಡೀ ವರ್ಷದ ಹುಣ್ಣಿಮೆ ಅಮಾವಾಸ್ಯೆಗಳನ್ನು, ಯಾವುದಕ್ಕೆ ಯಾವ ಅಡುಗೆ ಎಂಬುದರ ಸಮೇತ ಬರೆದುಕೊಡುತ್ತಿದ್ದೇನೆ. ಮಾರ್ಚ್ 19ರ ಯುಗಾದಿಗೆ ಪರಾಭವ ಸಂವತ್ಸರ ಶುರು, ಅಲ್ಲಿಂದಲೇ ಬರೆಯಲಿ.

ಹೋಗುವವರಿಗೆ ಒಂದೆರಡು ಮಾತು. ದಿನಾ ಬೆಳಗ್ಗೆ ಏಳರಿಂದ ಹನ್ನೊಂದು, ಸಂಜೆ ಐದರಿಂದ ಎಂಟು. ದೊಡ್ಡ ಏಕಾದಶಿಗಳಿಗೆ ನಸುಕಿನಲ್ಲೇ ಹೋಗಿ, ಒಂಬತ್ತರ ಮೇಲೆ ಖಿಚಡಿ ಉಳಿಯುವುದಿಲ್ಲ. ಈ ವರ್ಷ ಆಷಾಢ ಏಕಾದಶಿ ಜುಲೈ 25ಕ್ಕೆ ಬರುತ್ತದೆ, ಯಾಕೆಂದರೆ ನಡುವೆ ಅಧಿಕ ಜ್ಯೇಷ್ಠ ಇದೆ, ಮೇ 17ರಿಂದ ಜೂನ್ 15ರ ತನಕ. ಏಕಾದಶಿಗಳೂ ಎರಡು ಹೆಚ್ಚಿ 26 ಆಗುತ್ತವೆ. ಅಧಿಕ ಮಾಸದಲ್ಲಿ ಅಳಿಯಂದಿರಿಗೆ 33 ಅನಾರಸದ ಬಾಗಿನ ಕೊಡುವವರು ಈಗಲೇ ಹೋಗಿ ಹೆಸರು ಬರೆಸಿ. ಅಕ್ಕಿಯನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ನೆರಳಿಗೆ ಆರಿಸಿ, ಕುಟ್ಟಿ, ಬೆಲ್ಲ ಕಲಸಿ ಮತ್ತೆ ಕೆಲವು ದಿನ ಇಡಬೇಕು. ಆಮೇಲೆ ಗಸಗಸೆ ಹಚ್ಚಿ ತುಪ್ಪದಲ್ಲಿ ಒಂದೇ ಬದಿ ಕರಿಯುವುದು. ಅವಸರದಲ್ಲಿ ಆಗುವ ಕೆಲಸವಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದಾಗ ಕೊನೇ ವಾರ ಹೋದವರೆಲ್ಲ ಬರಿಗೈಲಿ ವಾಪಸಾದರು. ಮುಂಗಡ ಅರ್ಧ ಕೊಡಬೇಕು, ಚೀಟಿ ಬರೆದುಕೊಡುತ್ತಾರೆ. ಡಬ್ಬಿ ನಿಮ್ಮದೇ ಒಯ್ಯಿರಿ, ಅಗಲ ಬಾಯಿಯದು. ಅನಾರಸ ಒಂದರ ಮೇಲೊಂದು ಒತ್ತಿದರೆ ಜಾಳಿಗೆ ಮುರಿದುಹೋಗುತ್ತದೆ.